ಕುಣಿಗಲ್ಲಿನಲ್ಲಿ ಹುಟ್ಟದ ಟ್ರೈಲೋಬೈಟು

ಪ್ರಿನ್ಸಿಪಾಲ್ ಭಾನುಪ್ರಕಾಶ್ ಆ ಮಾತು ಹೇಳಿದಾಗ ಹೊಂಬಾಳಮ್ಮ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಒರಗಿಸದಿದ್ದರೆ ಅದು ಬೇರೆಲ್ಲಿಗಾದರೂ ಹೋಗುವ ಹಾಗಿತ್ತು.

"ಇನ್ನೊಂದು ತಿಂಗಳಿಗೆ ಕಾಲೇಜಿಗೆ ಗ್ರೇಡ್ ಕೊಡೋ ಕಮಿಟಿ ಬರ್ತಿದೆ ಹೊಂಬಾಳಮ್ಮ. ಜಿಯಾಲಜಿ ರೂಮಲ್ಲಿ ಒಂದು ಎಕ್ಸಿಬಿಷನ್ ಮಾಡ್ಬಿಡೋಣ. 'ತುಮಕೂರು ಜಿಲ್ಲೆಯ ಟ್ರೈಲೋಬೈಟುಗಳು' ಅಂತ. ಲೋಕಲ್ ಹೆರಿಟೇಜ್‌ಗೆ ಅಂತಲೇ ಬೇರೆ ಮಾರ್ಕ್ಸ್ ಇದೆಯಂತೆ."

"ನಮ್ಮ ಜಿಲ್ಲೇಲಿ ಟ್ರೈಲೋಬೈಟ್ ಇಲ್ಲ ಸಾರ್."

"ಬೀರು ತುಂಬ ಇದಾವಲ್ಲಾ?"

"ಬೀರಲ್ಲಿದಾವೆ. ಜಿಲ್ಲೇಲಿಲ್ಲ."

"ಬೀರು ಎಲ್ಲಿದೆ? ತುಮಕೂರಲ್ಲೇ ತಾನೇ?" ಎಂದು ಭಾನುಪ್ರಕಾಶ್ ನಕ್ಕರು. ಕಾಮರ್ಸ್ ಮೇಷ್ಟ್ರಾಗಿದ್ದವರು, ಗುಬ್ಬಿ ಕಡೆಯವರು, ಕೆಟ್ಟವರಲ್ಲ. ಆದರೆ ಅವರ ಜೊತೆ ಕಲ್ಲಿನ ವಿಷಯ ಮಾತಾಡುವುದೂ ಒಂದೇ, ಕಲ್ಲಿನ ಜೊತೆ ಮಾತಾಡುವುದೂ ಒಂದೇ.

ಹೊಂಬಾಳಮ್ಮ ಆ ಕಾಲೇಜಿನ ಜಿಯಾಲಜಿ ವಿಭಾಗದ ಅಟೆಂಡರು. ಅಮೃತೂರು ಹೋಬಳಿಯ ಹೆಣ್ಣುಮಗಳು, ಪಿಯುಸಿಯಲ್ಲಿ ಇಂಗ್ಲಿಷ್ ಒಂದು ಬಿಟ್ಟು ಎಲ್ಲ ಪಾಸು. ಇಪ್ಪತ್ತೇಳನೇ ವಯಸ್ಸಿಗೆ ಕೆಲಸಕ್ಕೆ ಸೇರಿ ಮೂವತ್ತೆರಡು ವರ್ಷ ಅದೇ ರೂಮಿನ ಬೀಗ ತೆಗೆದು ಬೀಗ ಹಾಕಿದವಳು. ಸೇರಿದಾಗ ಮೂವರು ಮೇಷ್ಟ್ರು, ನಲವತ್ತು ಹುಡುಗರು. ಒಬ್ಬೊಬ್ಬರೇ ಕಮ್ಮಿಯಾಗಿ ಆರು ವರ್ಷದ ಕೆಳಗೆ ವಿಭಾಗವೇ ಮುಚ್ಚಿತು. ಉಳಿದದ್ದು ಮೂರು ಬೀರು, ಅದರೊಳಗೆ ಕಲ್ಲು, ಮತ್ತು ಹೊಂಬಾಳಮ್ಮ. ನಿವೃತ್ತಿಗೆ ಇನ್ನು ಎಂಟು ತಿಂಗಳು.

ನಡುವಿನ ಬೀರುವಿನಲ್ಲಿದ್ದದ್ದು ಟ್ರೈಲೋಬೈಟುಗಳು, ಅರವತ್ತಮೂರು. ಜಿರಲೆಗೂ ಏಡಿಗೂ ನಡುವೆ ಎಲ್ಲೋ ನಿಲ್ಲುವಂಥ ಸಮುದ್ರದ ಹುಳು, ಬೆನ್ನು ಉದ್ದಕ್ಕೆ ಮೂರು ಹೋಳಾದಂತೆ ಕಾಣುತ್ತದೆ. ಕೋಟ್ಯಂತರ ವರ್ಷ ಕಡಲಿನ ತಳದಲ್ಲಿ ಹರಿದಾಡಿ, ಇಪ್ಪತ್ತೈದು ಕೋಟಿ ವರ್ಷದ ಹಿಂದೆ ವಂಶವೇ ಅಳಿದುಹೋಗಿ, ಅಚ್ಚು ಮಾತ್ರ ಕಲ್ಲಿನಲ್ಲಿ ಉಳಿಸಿದ ಪ್ರಾಣಿ. ನಮ್ಮ ದೇಶದಲ್ಲಿ ಅದು ಸಿಗುವುದು ಸ್ಪಿತಿ, ಕಾಶ್ಮೀರದಂಥ ಹಿಮಾಲಯದ ಕಡೆ. ತುಮಕೂರು, ಗುಬ್ಬಿ, ಕುಣಿಗಲ್ಲಿನ ನೆಲದ ಕೆಳಗಿರುವ ಕಲ್ಲು ಮುನ್ನೂರು ಕೋಟಿ ವರ್ಷದ ಹತ್ತಿರದ್ದು. ಆ ಕಲ್ಲು ಹುಟ್ಟಿ ಹಳತಾಗಿ, ಅಡಿಮೇಲಾಗಿ, ಬೆಂದು ಮುಗಿದ ಎಷ್ಟೋ ಕಾಲದ ಮೇಲೆ ಭೂಮಿಗೆ ಮೊದಲ ಟ್ರೈಲೋಬೈಟು ಬಂತು. ಇದನ್ನು ಹೊಂಬಾಳಮ್ಮ ಭಾನುಪ್ರಕಾಶರಿಗೆ ಬಿಡಿಸಿ ಹೇಳಿದಳು. "ಮೊಮ್ಮಗನ ಫೋಟೋನ ಮುತ್ತಜ್ಜನ ಮದುವೆ ಆಲ್ಬಮ್ಮಲ್ಲಿ ಹುಡುಕ್ತೀರಾ ಸಾರ್?"

"ಸರಿ ಸರಿ," ಅಂದರು ಅವರು. ಮಾರನೇ ದಿನ ಕಡಬದ ಹತ್ತಿರದ ತಮ್ಮ ತೋಟದಿಂದ ಒಂದು ಕಲ್ಲು ತಂದರು. ಅದರ ಮೇಲೆ ಕಪ್ಪು ಶಾಯಿಯಲ್ಲಿ ಬರೆದಂತೆ ಪುಟ್ಟ ಪುಟ್ಟ ಗಿಡಗಳ ಗುರುತು. "ಇದೇನು ಹೇಳಿ ಮತ್ತೆ? ಗುಬ್ಬೀದು!"

"ಮ್ಯಾಂಗನೀಸ್ ಕಲೆ ಸಾರ್. ನೀರು ಬಿರುಕಲ್ಲಿ ಇಳಿದು ಬಿಡಿಸಿದ ಚಿತ್ರ. ಗಿಡ ಅಲ್ಲ."

"ನಿಮಗೆ ಎಲ್ಲಾದಕ್ಕೂ ಅಲ್ಲ ಅಲ್ಲ ಅನ್ನೋದೇ ಅಭ್ಯಾಸ," ಎಂದು ಭಾನುಪ್ರಕಾಶ್ ಕಲ್ಲನ್ನು ಕಾರಿನ ಡಿಕ್ಕಿಗೆ ವಾಪಸ್ ಹಾಕಿದರು.

ಹೊಂಬಾಳಮ್ಮನಿಗೆ ಈ ವಿದ್ಯೆ ಕಲಿಸಿದವರು ಯೋಗನರಸಿಂಹ ಮೇಷ್ಟ್ರು. ಧೂಳು ಒರೆಸುವಾಗ ಎರಡು ಕಲ್ಲು ಅದಲುಬದಲು ಮಾಡಿಟ್ಟಳು ಎಂದು ಮೊದಲ ವಾರವೇ ಬೈದರು. ಎರಡನೇ ವಾರ, ಬೈಯುವುದಕ್ಕಿಂತ ಕಲಿಸುವುದೇ ಸುಲಭ ಎಂದು ತೀರ್ಮಾನಿಸಿದರು. "ಮೊದಲು ಹುಳು ನೋಡ್ಬೇಡ ಹೊಂಬಾಳು. ಕಲ್ಲು ನೋಡು. ಯಾವ ಕಲ್ಲಲ್ಲಿ ಕೂತಿದೆ ಅಂತ ಗೊತ್ತಾದ್ರೆ ಅರ್ಧ ವಿಳಾಸ ಸಿಕ್ಕಂಗೆ." ನಿಂಬೆರಸ ಹಿಂಡಿದರೆ ನೊರೆ ಬರುವುದು ಸುಣ್ಣಕಲ್ಲು. ತೆಳ್ಳಗೆ ಹೋಳು ಹೋಳಾಗುವುದು ಜೇಡಿಕಲ್ಲು. ಹಸಿರು ಬೂದಿ ಬಣ್ಣದ ಜೇಡಿಕಲ್ಲಿನಲ್ಲಿರುವುದು ಸ್ಪಿತಿಯದು, ಕೇಂಬ್ರಿಯನ್ ಕಾಲದ್ದು, ಐವತ್ತು ಕೋಟಿ ವರ್ಷಕ್ಕೂ ಹಿಂದಿನದು. ನಸುಗೆಂಪು ಕಲ್ಲಿನದು ಸಾಲ್ಟ್ ರೇಂಜ್ ಬೆಟ್ಟಸಾಲಿನದು, ಅದು ಈಗ ಪಾಕಿಸ್ತಾನದಲ್ಲಿದೆ. ಬಿಳಿ ಸುಣ್ಣಕಲ್ಲಿನಲ್ಲಿ ಉಂಡೆಯಾಗಿ ಸುತ್ತಿಕೊಂಡಿರುವುದು ಇಂಗ್ಲೆಂಡಿನ ಡಡ್ಲಿಯದು, ಕೇಂಬ್ರಿಯನ್‌ಗಿಂತ ಈಚಿನ ಸೈಲೂರಿಯನ್ ಕಾಲದ್ದು, ಹಿಂದೆ ಯಾವ ಕಾಲದಲ್ಲೋ ಕಾಲೇಜು ಹಡಗಿನಲ್ಲಿ ತರಿಸಿದ್ದು. ಒಂದೊಂದಕ್ಕೂ ಒಂದು ಕಾರ್ಡು: ಹೆಸರು, ಕಾಲ, ಕಲ್ಲಿನ ಸ್ತರ, ಸಿಕ್ಕಿದ ಜಾಗ. ಕಾರ್ಡು ಇಲ್ಲದ ಪಳೆಯುಳಿಕೆ ಬರೀ ಕಲ್ಲು ಎನ್ನುತ್ತಿದ್ದರು ಮೇಷ್ಟ್ರು.

ಆ ವಾರವೇ ಕಮಿಟಿಗಾಗಿ ಸುಣ್ಣಬಣ್ಣದವರು ಬಂದರು. ಹೊಂಬಾಳಮ್ಮ ಒಂದು ದಿನ ರಜೆ ಹಾಕಿದ್ದಳು, ಒಂದೇ ದಿನ. ಬಂದು ನೋಡಿದರೆ ಬೀರು ಖಾಲಿ, ಅದರೊಳಗೂ ಹಸಿರು ಪೇಂಟು. ಅರವತ್ತಮೂರು ಟ್ರೈಲೋಬೈಟೂ ಟೊಮೇಟೊ ತುಂಬುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ಒಂದರ ಮೇಲೊಂದು. ಕಾರ್ಡುಗಳೆಲ್ಲ ಒಂದು ರಬ್ಬರ್ ಬ್ಯಾಂಡಿನಲ್ಲಿ.

"ಜೋಪಾನವಾಗಿ ಎತ್ತಿಟ್ಟಿದೀವಿ ಕಣಮ್ಮ, ಒಂದೂ ಕಳೆದಿಲ್ಲ," ಅಂದ ಪೇಂಟರು.

ಅವನನ್ನು ಬೈಯಲೂ ಆಗಲಿಲ್ಲ. ನಿಜಕ್ಕೂ ಕಲ್ಲು ಒಂದೂ ಕಳೆದಿರಲಿಲ್ಲ.

ಒಂಬತ್ತು ದಿನ ಹೊಂಬಾಳಮ್ಮ ಕಿಟಕಿಯ ಹತ್ತಿರ ಟೇಬಲ್ ಎಳೆದುಕೊಂಡು ಕೂತಳು. ಒಂದು ಬಟ್ಟಲಲ್ಲಿ ನಿಂಬೆಹಣ್ಣು, ಒಂದು ಬಟ್ಟಲಲ್ಲಿ ನೀರು, ಕೈಯಲ್ಲಿ ಮೇಷ್ಟ್ರ ಕಾಲದ ಭೂತಗನ್ನಡಿ. ಮೊದಲು ಕಲ್ಲಿನ ಪ್ರಕಾರ ಗುಂಪು, ಆಮೇಲೆ ಕಾಲದ ಪ್ರಕಾರ, ಆಮೇಲೆ ಒಂದೊಂದರ ಮೂತಿ ನೋಡಿ ಕಾರ್ಡು. ನಡುವೆ ಬಂದವರೆಲ್ಲ ಒಂದೊಂದು ಮಾತು ಹೇಳಿಹೋದರು. ಲೈಬ್ರರಿಯವರು, "ಯಾವುದನ್ನ ಯಾವುದಕ್ಕೆ ಇಟ್ಟರೂ ಯಾರಿಗೆ ಗೊತ್ತಾಗುತ್ತೆ?" ಅಂದರು. ಆಫೀಸಿನವರು, "ಇಷ್ಟು ತಲೆ ಕೆಡಿಸ್ಕೊಳ್ಳೋಕೆ ಇದೇನು ನಿಮ್ಮ ಮನೆ ಒಡವೆನಾ?" ಅಂದರು. ಹೊಂಬಾಳಮ್ಮ ಇನ್ನೊಂದು ಕಲ್ಲಿಗೆ ನಿಂಬೆರಸ ಹಿಂಡಿದಳು. ಒಂಬತ್ತನೇ ದಿನ ಸಂಜೆಗೆ ಐವತ್ತೆಂಟು ಕಲ್ಲಿಗೆ ಅದರದರ ಕಾರ್ಡು ಸಿಕ್ಕಿತ್ತು. ಐದಕ್ಕೆ ಸಿಗಲಿಲ್ಲ, ಕಟ್ಟಿನಲ್ಲಿ ಕಾರ್ಡೇ ಐದು ಕಮ್ಮಿ ಇದ್ದವು.

ಆಮೇಲೆ ಕಂಪ್ಯೂಟರು. ಎಲ್ಲ ವಿಭಾಗದ ಸಾಮಾನೂ ಹೊಸ ಸಾಫ್ಟ್‌ವೇರಿಗೆ ಏರಬೇಕೆಂದು ಆರ್ಡರಾಗಿತ್ತು. ಆಫೀಸಿನ ಪ್ರಮೀಳಾ ಟೈಪ್ ಮಾಡಲು ಬಂದಳು. ಬೆಳ್ಳಾವಿಯಿಂದ ದಿನಾ ಬಸ್ಸಿನಲ್ಲಿ ಬರುವ, ಚುರುಕಾದ ಹುಡುಗಿ. ಮೊದಲ ಕಲ್ಲಿಗೇ ಗಾಡಿ ನಿಂತಿತು.

"ಜಾಗ ಅನ್ನೋ ಕಡೆ ಸ್ಪಿತಿ ಅಂತ ತಗೊಳ್ತಿಲ್ಲ ಆಂಟಿ. ಲಿಸ್ಟಲ್ಲಿ ಇರೋದ್ರಲ್ಲೇ ಆರಿಸ್ಬೇಕು."

"ಲಿಸ್ಟಲ್ಲಿ ಏನಿದೆ?"

"ನಮ್ಮ ಹತ್ತು ತಾಲ್ಲೂಕು. ತುಮಕೂರು, ಗುಬ್ಬಿ, ಕುಣಿಗಲ್, ತಿಪಟೂರು..."

"ಖಾಲಿ ಬಿಡು."

"ಬಿಟ್ರೆ ಸೇವ್ ಆಗಲ್ಲ. ಗುಬ್ಬಿ ಅಂತ ಹಾಕ್ಬುಡ್ಲಾ ಸದ್ಯಕ್ಕೆ?"

"ಸದ್ಯಕ್ಕೆ ನಿನ್ನ ಆಧಾರ್ ಕಾರ್ಡಲ್ಲಿ ಅಮೆರಿಕಾ ಅಂತ ಹಾಕ್ಲೇನೇ?"

ಪ್ರಮೀಳಾ ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದಳು. ಒಂದು ಒತ್ತಿ, ಎರಡು ಒತ್ತಿ, ಹಾಡು ಕೇಳಿ, ನಾಲ್ಕು ದಿನಕ್ಕೆ ಒಬ್ಬ ಸಿಕ್ಕಿ ಲಿಸ್ಟಿಗೆ 'ಇತರೆ' ಎಂದು ಸೇರಿಸಿಕೊಟ್ಟ. ಇಬ್ಬರೂ ಖುಷಿಯಾಗಿ ಐವತ್ತೆಂಟನ್ನೂ ಏರಿಸಿ ಪ್ರಿಂಟ್ ತೆಗೆದರು. ಪ್ರತಿ ಸಾಲಿನ ಕೊನೆಗೂ ಬಂದದ್ದು: 'ಇತರೆ, ತುಮಕೂರು ಜಿಲ್ಲೆ.'

ಹೊಂಬಾಳಮ್ಮ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಟಕಿ ಅಲ್ಲಾಡದಂತೆ ಸಂದಿಗೆ ಸಿಕ್ಕಿಸಿದಳು. ಉದ್ದನೆಯ ರಿಜಿಸ್ಟರ್ ಪುಸ್ತಕ ತಂದು, ಗೆರೆ ಎಳೆದು, ಕೈಯಲ್ಲೇ ಬರೆಯತೊಡಗಿದಳು.

ಆಗ ಭಾನುಪ್ರಕಾಶ್ ಒಳಗೆ ಬಂದರು. ಟೇಬಲ್ ಮೇಲಿದ್ದ ಕಾರ್ಡುಗಳನ್ನು ಸುಮ್ಮನೆ ತಿರುವುತ್ತಾ ಒಂದನ್ನು ಹಿಡಿದು ನಿಂತರು. ಅವರ ಮುಖ ಅರಳಿತು.

"ಇದೇನಿದು ಹೊಂಬಾಳಮ್ಮ?"

ಕಾರ್ಡಿನಲ್ಲಿ ಯೋಗನರಸಿಂಹ ಮೇಷ್ಟ್ರ ಮುತ್ತಿನಂಥ ಅಕ್ಷರ. 'ಟ್ರೈಲೋಬೈಟ್. ಕೇಂಬ್ರಿಯನ್. ಕುಣಿಗಲ್. 1988.'

ಅದು ಅವಳು ಸೇರುವ ಐದು ವರ್ಷ ಮೊದಲಿನ ಕಾರ್ಡು. ಐವತ್ತೆಂಟರ ಪೈಕಿ ಕೊನೆಗೆ ಹೊಂದಿದ್ದು. ಬೇರೆಲ್ಲ ಕಾರ್ಡಿಗೂ ಕಲ್ಲು ಸಿಕ್ಕಿ, ಇದೊಂದು ಕಾರ್ಡು ಉಳಿದಾಗ, ಮಿಕ್ಕ ಆರು ಕಲ್ಲಿನಲ್ಲಿ ಕೇಂಬ್ರಿಯನ್‌ಗೆ ಹೊಂದುವ ಅಂಗೈಯಗಲದ ಒಂದು ಹಸಿರು ಬೂದಿ ಕಲ್ಲಿಗೆ ಅದನ್ನು ಜೊತೆ ಮಾಡಿದ್ದಳು. ಜಾಗದ ಹೆಸರು ನೋಡಿ ಕಾರ್ಡನ್ನು ಎಲ್ಲಕ್ಕಿಂತ ಕೆಳಗೆ ಸೇರಿಸಿದ್ದಳು. ಯಾರಿಗೂ ಹೇಳಿರಲಿಲ್ಲ.

"ನಿಮ್ಮ ಮೇಷ್ಟ್ರೇ ಬರೆದವ್ರೆ, ಕುಣಿಗಲ್ ಅಂತ! ನಾನು ಹೇಳಿದ್ರೆ ಅಲ್ಲ. ಅವರು ಹೇಳಿದ್ರೂ ಅಲ್ವಾ?"

ಹೊಂಬಾಳಮ್ಮ ಕಾರ್ಡನ್ನು ವಾಪಸ್ ತೆಗೆದುಕೊಂಡು ರಿಜಿಸ್ಟರಿನೊಳಗೆ ಇಟ್ಟಳು. ಎರಡು ದಿನಕ್ಕೆ ಫ್ಲೆಕ್ಸ್ ಬಂತು. ಎಂಟಡಿ ಉದ್ದ. 'ಕುಣಿಗಲ್‌ನ ಟ್ರೈಲೋಬೈಟ್: ಐವತ್ತು ಕೋಟಿ ವರ್ಷಗಳ ನಮ್ಮ ಹೆಮ್ಮೆ.' ಪಕ್ಕದಲ್ಲಿ ಇಂಟರ್ನೆಟ್ಟಿನಿಂದ ತೆಗೆದ ಚಿತ್ರ. ಅದು ಟ್ರೈಲೋಬೈಟೂ ಆಗಿರಲಿಲ್ಲ, ಏಡಿಯಾಗಿತ್ತು.

ಭಾನುವಾರ ಬೆಳಿಗ್ಗೆ ಹೊಂಬಾಳಮ್ಮ ಕುಣಿಗಲ್ ಬಸ್ಸು ಹತ್ತಿದಳು. ಹೆಬ್ಬೂರು ದಾಟುವವರೆಗೂ ಅವಳು ಮನಸ್ಸಿನಲ್ಲೇ ಮೇಷ್ಟ್ರ ಜೊತೆ ಜಗಳವಾಡುತ್ತಿದ್ದಳು. ಸತ್ತು ಹನ್ನೊಂದು ವರ್ಷವಾದವರ ಜೊತೆ. 'ಒಂದು ಕಾರ್ಡು ತಪ್ಪಾದರೆ ಬೀರು ಎಲ್ಲ ತಪ್ಪು ಅಂತ ನನಗೆ ಹೇಳಿದವರು ನೀವು. ಒಂದು ಸಲ ಜಾಗ ಬರೆಯೋದು ಮರೆತೆ ಅಂತ ಹುಡುಗರ ಮುಂದೆ ಬೈದವರು ನೀವು. ಈಗ ನಾನು ಯಾರನ್ನ ಬೈಲಿ ಸಾರ್?'

ಮೇಷ್ಟ್ರ ಹೆಂಡತಿ ಕೌಸಲ್ಯಮ್ಮ ಕುಣಿಗಲ್ಲಿನ ತಂಗಿಯ ಮನೆಯ ಮಹಡಿಯಲ್ಲಿ ಸಂಗೀತ ಪಾಠ ಹೇಳುತ್ತಿದ್ದರು. ಮಕ್ಕಳನ್ನು ಕಳಿಸಿ, ಕಾಫಿ ಕೊಟ್ಟು, ಕಾರ್ಡನ್ನು ಕನ್ನಡಕದ ಹತ್ತಿರ ಹಿಡಿದರು.

"ಅಯ್ಯೋ, ಆ ಮಿಲಿಟರಿ ಮನುಷ್ಯ ತಂದ ಕಲ್ಲಲ್ವೇನೇ ಹೊಂಬಾಳು ಇದು! ಆಗ ನಾವು ಇಲ್ಲೇ ಇದ್ವಿ, ಇವರು ದಿನಾ ತುಮಕೂರಿಗೆ ಓಡಾಡ್ತಿದ್ರು. ಅಮೃತೂರಿನೋನು, ಟ್ರಂಕಲ್ಲಿ ಹಾಕ್ಕೊಂಡು ಬಂದಿದ್ದ. ಎರಡು ವಾರ ನನ್ನ ಉಪ್ಪಿನಕಾಯಿ ಜಾಡಿ ಮೇಲೆ ಭಾರಕ್ಕೆ ಇಟ್ಟಿದ್ದೆ. ಇವರು ಬೈದು ಕಿತ್ಕೊಂಡು ಹೋದ್ರು."

"ಮತ್ತೆ ಕುಣಿಗಲ್ ಅಂತ ಯಾಕೆ ಬರೆದ್ರು ಅಮ್ಮಾವ್ರೇ?"

"ಕುಣಿಗಲ್ ಮನೇಲಿ ಸಿಕ್ತು, ಅದಕ್ಕೇ ಬರೆದ್ರು. ನಿಮ್ಮ ಮೇಷ್ಟ್ರು ಹಾಲಿನ ಕೂಪನ್ನೂ ಮಂತ್ರಾಕ್ಷತೆಯೂ ಒಂದೇ ಜೇಬಲ್ಲಿ ಇಟ್ಕೊಳ್ತಿದ್ದೋರು. ಆಮೇಲೆ ವಿವರವಾಗಿ ಬರೀತೀನಿ ಅಂದ್ಕೊಂಡು ಮರೆತಿರ್ತಾರೆ. ನಿನ್ನ ಹತ್ರ ಮಾತ್ರ ದೊಡ್ಡ ಶಿಸ್ತು."

ಹೊಂಬಾಳಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂವತ್ತೆರಡು ವರ್ಷ ಅವಳು ಹೆದರಿಕೊಂಡು ಪಾಲಿಸಿದ ನಿಯಮವನ್ನು ಮಾಡಿದವರೇ ಮುರಿದಿದ್ದರು. ಮಿಲಿಟರಿ ಮನುಷ್ಯನ ಹೆಸರು ವೀರಭದ್ರಯ್ಯ ಎಂದು ಕೌಸಲ್ಯಮ್ಮನವರಿಗೆ ನೆನಪಿತ್ತು. ಮಧ್ಯಾಹ್ನದ ಬಸ್ಸಿಗೆ ಅವಳು ಅಮೃತೂರಿಗೆ ಹೋದಳು.

ಹುಡುಕುವುದು ಕಷ್ಟವಾಗಲಿಲ್ಲ. ವೀರಭದ್ರಯ್ಯನವರಿಗೆ ಎಂಬತ್ತೆರಡು, ಬೆನ್ನು ಮಾತ್ರ ಕೋಲಿನಂತೆ ನೆಟ್ಟಗೆ. ಮನೆ ಮುಂದೆ ಕೊಬ್ಬರಿ ಹರಡಿಕೊಂಡು ಕಾಗೆ ಓಡಿಸುತ್ತಿದ್ದರು. ಕಲ್ಲಿನ ಫೋಟೋವನ್ನು ಫೋನಿನಲ್ಲಿ ನೋಡಿದವರೇ ಎದ್ದು ನಿಂತರು.

"ನನ್ನ ಕಲ್ಲು! ಎಲ್ಲವ್ವಾ ಇದು? ಆ ಮೇಷ್ಟ್ರು ಏನಂತ ನೋಡಿ ಕಾಗದ ಬರೀತೀನಿ ಅಂತ ಇಸ್ಕೊಂಡು ಹೋದೋರು, ಪತ್ತೆನೇ ಇಲ್ಲ. ಮೂವತ್ತೇಳು ವರ್ಷ ಆತು! ಏನೋ ಬೆಲೆ ಬಾಳೋದು, ಹೊಡ್ಕೊಂಡ್ರು ಅಂತ ನಾನು ಊರೆಲ್ಲ ಹೇಳ್ಕಂಡ್ ತಿರುಗಿವ್ನಿ."

"ಬೆಲೆ ಏನೂ ಇಲ್ಲ ದೊಡ್ಡಪ್ಪ. ಹೊಡ್ಕೊಂಡೂ ಇಲ್ಲ. ಬೀರಲ್ಲಿದೆ," ಎಂದು ಹೊಂಬಾಳಮ್ಮ ಜಗಲಿಯ ಮೇಲೆ ಕೂತು, ಆ ಹುಳು ಏನು, ಎಷ್ಟು ಹಳೆಯದು ಎಂದು ಹೇಳಿದಳು. ಅವರು ಕಾಗೆಯನ್ನೂ ಮರೆತು ಕೇಳಿದರು.

"ನಿಮಗೆ ಎಲ್ಲಿ ಸಿಕ್ತು, ಅದನ್ನ ಹೇಳಿ. ನಾನು ಬರ್ಕೊಬೇಕು."

ವೀರಭದ್ರಯ್ಯ ಆಗ ಹಿಮಾಲಯದಲ್ಲಿ ರಸ್ತೆ ಮಾಡುವ ಪಡೆಯಲ್ಲಿದ್ದರು. ಸ್ಪಿತಿಯ ಪಿನ್ ಎಂಬ ಹೊಳೆಯ ಕಣಿವೆ. ಅಂದು ಬಂಡೆಗೆ ಮದ್ದು ಇಟ್ಟು ಎಲ್ಲರೂ ದೂರ ಹೋಗಿ ಕೂತಿದ್ದರಂತೆ. "ಒಂದು ಸಿಡೀತು, ಎರಡು ಸಿಡೀತು. ಆತು ಅಂತ ಎದ್ದು ಎರಡು ಹೆಜ್ಜೆ ಇಟ್ಟೆ. ಮೂರನೇದು ಉಳ್ಕಂಡಿತ್ತು ನೋಡವ್ವ. ಈ ಕಲ್ಲು ಹಾರಿ ಬಂದು ನನ್ನ ಬೂಟಿನ ಮುಂದೆ, ಇಷ್ಟೇ ಅಂತರ, ಧಪ್ ಅಂತ ಬಿತ್ತು. ನನ್ನ ಪಕ್ಕದಲ್ಲಿದ್ದೋನಿಗೆ ಇನ್ನೊಂದು ತಗುಲ್ತು. ಅವನು ಉಳೀಲಿಲ್ಲ. ಬಿಹಾರದೋನು, ನನ್ನ ರೊಟ್ಟಿಗೆ ಉಪ್ಪು ಕೊಡ್ತಿದ್ದೋನು. ನಾನು ಈ ಕಲ್ಲ ಎತ್ಕಂಡು ನೋಡ್ತೀನಿ, ಒಳಗೆ ಹುಳ. ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ."

ಹೊಂಬಾಳಮ್ಮ ಹಾಳೆಯಲ್ಲಿ ಬರೆದು ಓದಿ ಹೇಳಿದಳು, ಅವರು ಸಹಿ ಹಾಕಿದರು. "ಯಾವ ಊರಿನ ಹತ್ರ ಅಂತ ನೆನಪಿದ್ಯಾ?" ಎಂದು ಕೇಳಿದ್ದಕ್ಕೆ, "ಊರು ಎಲ್ಲಿತ್ತವ್ವಾ ಅಲ್ಲಿ, ಬರೀ ಗುಡ್ಡ," ಅಂದರು. ಅವಳು ಅದನ್ನೂ ಬರೆದುಕೊಂಡಳು.

ಸೋಮವಾರ ಆ ಹಾಳೆಯನ್ನು ಭಾನುಪ್ರಕಾಶರ ಟೇಬಲ್ ಮೇಲಿಟ್ಟಳು. ಅವರು ಎರಡು ಸಲ ಓದಿ ತಲೆ ಹಿಡಿದುಕೊಂಡರು.

"ಫ್ಲೆಕ್ಸ್ ಬಂದಾಗಿದೆ ಹೊಂಬಾಳಮ್ಮ. ಬುಕ್‌ಲೆಟ್ ಪ್ರಿಂಟಾಗಿದೆ. ಎರಡು ದಿನ ಸುಮ್ನಿದ್ರೆ ನಿಮಗೇನು ನಷ್ಟ? ಮಿಕ್ಕಿರೋ ವಿಭಾಗಗಳನ್ನ ಉಳಿಸ್ಕೊಳ್ಳೋಕೆ ನಾನು ಯಾರ್ಯಾರ ಕಾಲು ಹಿಡೀತಿದೀನಿ, ಗೊತ್ತಾ ನಿಮಗೆ?"

ಅವರ ದನಿಯಲ್ಲಿ ಕೋಪಕ್ಕಿಂತ ದಣಿವು ಹೆಚ್ಚಿತ್ತು. ಹೊಂಬಾಳಮ್ಮನಿಗೂ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಆದರೂ ಅಂದಳು, "ರಿಜಿಸ್ಟರಿಗೆ ಸಹಿ ಹಾಕೋಳು ನಾನು ಸಾರ್. ಕುಣಿಗಲ್ ಅಂತಿದ್ರೆ ಹಾಕಲ್ಲ. ಬೇಕಾದ್ರೆ ಮೆಮೋ ಕೊಡಿ, ಅದಕ್ಕೆ ಹಾಕ್ತೀನಿ."

ಮೆಮೋ ಬರಲಿಲ್ಲ. ಕಮಿಟಿ ಬಂದ ದಿನ ನೋಡಿದರೆ ಫ್ಲೆಕ್ಸಿನ 'ಕುಣಿಗಲ್‌ನ' ಎಂಬ ಮಾತಿನ ಮೇಲೆ ಯಾರೋ ಬಿಳಿ ಕಾಗದ ಅಂಟಿಸಿದ್ದರು. ಏಡಿ ಹಾಗೇ ಇತ್ತು.

ಹೊಂಬಾಳಮ್ಮ ಕರೆದಿದ್ದಳೆಂದು ವೀರಭದ್ರಯ್ಯನವರು ಹಳೇ ಕೋಟು ಹಾಕಿಕೊಂಡು ಬೆಳಗಿನ ಬಸ್ಸಿಗೇ ಬಂದು ಬೀರುವಿನ ಪಕ್ಕ ಕೂತಿದ್ದರು. ಕಮಿಟಿಯ ಮೂವರಲ್ಲಿ ಒಬ್ಬರು, "ಇದು ಪ್ಲಾಸ್ಟಿಕ್ಕಾ?" ಎಂದು ಕೇಳಿದರು. ಇನ್ನೊಬ್ಬರು ಫೋಟೋ ತೆಗೆದುಕೊಂಡರು. ಮೂರನೆಯವರು ಮುದುಕರನ್ನು, "ತಾವು ಯಾರು?" ಎಂದು ಮಾತಾಡಿಸಿದರು. ಅಷ್ಟೇ ಸಾಕಾಯಿತು. ಪಿನ್ ಕಣಿವೆ, ಮೂರನೇ ಮದ್ದು, ಬಿಹಾರದವನ ಉಪ್ಪು, ಎಲ್ಲ ಬಂತು. ಮೂವರೂ ನಿಂತಲ್ಲೇ ಅರ್ಧ ಗಂಟೆ ಕೇಳಿದರು. ಅಷ್ಟರಲ್ಲಿ ಮೇಲಿನ ಹಾಲ್‌ನಲ್ಲಿ ಕಾಮರ್ಸ್ ವಿಭಾಗದವರು ಪ್ರೊಜೆಕ್ಟರ್ ಹಾಕಿಕೊಂಡು ಕಾಯುತ್ತಾ ಕೂತಿದ್ದರು. ಬಾಗಿಲಲ್ಲಿ ಭಾನುಪ್ರಕಾಶ್ ವಾಚು ನೋಡಿಕೊಂಡು ನಿಟ್ಟುಸಿರು ಬಿಡುವುದು ಹೊಂಬಾಳಮ್ಮನಿಗೆ ಕೇಳಿಸುತ್ತಿತ್ತು. ಅವಳು ಕೇಳಿಸದವಳಂತೆ ಇದ್ದಳು.

ಕಾಲೇಜಿಗೆ ಹೋದ ಸಲ ಬಂದ ಗ್ರೇಡೇ ಬಂತು. ಅದಕ್ಕೆ ಯಾರನ್ನು ಹೊಗಳುವುದು, ಯಾರನ್ನು ಬೈಯುವುದು ಎಂದು ಯಾರಿಗೂ ತಿಳಿಯಲಿಲ್ಲ.

ಹೊಂಬಾಳಮ್ಮನ ಕೈಬರಹದ ಪುಸ್ತಕ ನಿವೃತ್ತಿಗೆ ಹತ್ತು ದಿನ ಮೊದಲು ಮುಗಿಯಿತು. ಕೇಂಬ್ರಿಯನ್‌ನಿಂದ ಶುರುವಾಗಿ ಒಂದೊಂದು ಕಾಲಕ್ಕೂ ಬೇರೆ ಬೇರೆ ಪುಟ, ಪುಟದೊಳಗೆ ಒಂದೊಂದು ಕಲ್ಲಿನ ಸ್ತರಕ್ಕೂ ಬೇರೆ ಗೆರೆ. ಕಾರ್ಡು ಸಿಗದ ಐದಕ್ಕೂ ಕೊನೆಯ ಪುಟ. ಅಲ್ಲಿ ಜಾಗದ ಕಾಲಮಿನಲ್ಲಿ ಐದು ಸಲವೂ 'ಗೊತ್ತಿಲ್ಲ' ಎಂದು ಬರೆದಳು. ಭಾನುಪ್ರಕಾಶ್ ಸಹಿ ಹಾಕುವಾಗ, "ಇದೊಂದು ನೋಡೋಕೆ ಚೆನ್ನಾಗಿಲ್ಲ. ಏನಾದ್ರೂ ಒಂದು ಬರೀಬಹುದಿತ್ತು," ಅಂದರು. ಆದರೆ ಸಹಿ ಹಾಕಿದರು.

ಪ್ರಮೀಳಾ ಪುಟಪುಟವೂ ಫೋಟೋ ತೆಗೆದು, ಕಲ್ಲುಗಳ ಫೋಟೋವನ್ನೂ ಸೇರಿಸಿ, ಬೆಂಗಳೂರಿನ ಒಬ್ಬ ಪಳೆಯುಳಿಕೆ ತಜ್ಞರಿಗೆ ಮೇಲ್ ಮಾಡಿದ್ದಳು, ಹೊಂಬಾಳಮ್ಮನನ್ನು ಕೇಳದೆ. ನಿವೃತ್ತಿಯಾಗಿ ಮೂರು ವಾರಕ್ಕೆ ಉತ್ತರ ಬಂತೆಂದು ಫೋನ್ ಮಾಡಿದಳು.

"ಪಟ್ಟಿ ತುಂಬಾ ಚೆನ್ನಾಗಿದೆಯಂತೆ ಆಂಟಿ. ಆದ್ರೆ ನಲವತ್ತೊಂದನೇ ನಂಬರು ತಪ್ಪಂತೆ. ಡಡ್ಲಿದಲ್ವಂತೆ. ಸೈಲೂರಿಯನ್ ಅಲ್ಲ, ಅದರ ಮುಂದಿನ ಕಾಲ, ಡೆವೋನಿಯನ್ ಅಂತೆ."

"ಫೋಟೋ ನೋಡಿ ಹೇಳೋಕಾಗುತ್ತಾ ಅವರಿಗೆ? ನಾನು ನಿಂಬೆರಸ ಹಾಕಿ ನೋಡಿದೀನಿ. ಸುಣ್ಣಕಲ್ಲು!"

"ಕಲ್ಲು ಎರಡರದ್ದೂ ಸುಣ್ಣದ್ದೇ ಇರಬಹುದಂತೆ. ಕಣ್ಣು ನೋಡಿ ಅಂತ ಬರೆದವ್ರೆ."

ಹೊಂಬಾಳಮ್ಮ ಫೋನಿಟ್ಟಳು. ಒಲೆ ಮೇಲಿನ ಸಾರು ಇಳಿಸಿ, ಸೀರೆ ಬದಲಾಯಿಸಿ, ಗೊಣಗಿಕೊಂಡೇ ಸಿಟಿ ಬಸ್ಸು ಹತ್ತಿ ಕಾಲೇಜಿಗೆ ಹೋದಳು. ಪ್ರಮೀಳಾ ಬೀರು ತೆಗೆದಳು. ಹೊಂಬಾಳಮ್ಮ ನಲವತ್ತೊಂದನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿ ಇಟ್ಟಳು. ತಲೆಯ ಎರಡು ಕಡೆಯೂ ಉಬ್ಬಿದ ದೊಡ್ಡ ಕಣ್ಣು, ಸಾಬಕ್ಕಿ ಜೋಡಿಸಿಟ್ಟ ಹಾಗೆ ಸಾಲು ಸಾಲು ಗುಂಡು. ಡಡ್ಲಿಯ ಹುಳುವಿನದು ಸಣ್ಣ ಕಣ್ಣು. ಒಂಬತ್ತು ದಿನ ಇದೇ ಕಿಟಕಿಯಲ್ಲಿ ಕೂತು ನೋಡಿದ್ದಳು, ಕಲ್ಲನ್ನೇ ನೋಡಿದ್ದಳು.

"ಥೂ," ಅಂದಳು ಹೊಂಬಾಳಮ್ಮ. "ಸರಿಯಾಗೇ ಹೇಳವ್ರೆ. ಆ ಪುಸ್ತಕ ಕೊಡು. ಕೆಂಪು ಪೆನ್ನೂ ಕೊಡು."

"ಜಾಗ ಏನಂತ ಹಾಕ್ತೀರ ಆಂಟಿ?"

"ಸದ್ಯಕ್ಕೆ ಗೊತ್ತಿಲ್ಲ ಅಂತ. ಇದಕ್ಕೆ ನಾನು ಹಾಕಿದ ಡಡ್ಲಿ ಕಾರ್ಡು ಕಾರ್ಡಿಲ್ಲದ ಆ ಐದರಲ್ಲಿ ಯಾವುದಕ್ಕೆ ಸೇರಿದ್ದೋ ನೋಡಬೇಕು. ಅಂದ್ರೆ ಐದನ್ನೂ ಮತ್ತೆ ತೆಗೀಬೇಕು," ಎಂದು ಹೊಂಬಾಳಮ್ಮ ಕುರ್ಚಿ ಎಳೆದುಕೊಂಡಳು. "ಹೋಗಿ ಒಂದು ನಿಂಬೆಹಣ್ಣು ತಗೊಂಡು ಬಾ, ಹೋಗು. ಇವತ್ತು ಮನೆಗೆ ಹೋದ ಹಾಗೇ ನಾನು."